ಬೀಗರು ತಂದ ಗ್ರಾಫಿಕ್ಸ್ ಕಾರ್ಡು

ಕೊರೊನಾ ಮುಗಿದು ವ್ಯಾಪಾರ ಮತ್ತೆ ಹದಕ್ಕೆ ಬಂದ ವರ್ಷದ ಮಾತು. ಮದ್ದೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ ಇದೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ, ಬೇರೆಯವರ ಕೈಕೆಳಗೆ ದುಡಿದು ಸಾಕಾಗಿ ನಾನೇ ತೆರೆದದ್ದು. ಮಾರಾಟ, ರಿಪೇರಿ, ಜೋಡಣೆ ಎಲ್ಲವೂ ನನ್ನ ಕೈಯಲ್ಲೇ. ಕೌಂಟರಿನ ಹಿಂದೆ ಹೆಂಗಸನ್ನು ಕಂಡವರು ಇವತ್ತಿಗೂ ಯಜಮಾನರಿಲ್ಲವೇ ಎಂದು ಕೇಳುತ್ತಾರೆ. ಯಜಮಾನಿ ಎದುರಿಗೇ ಇದ್ದಾಳೆ, ಏನು ಬೇಕು ಹೇಳಿ ಎನ್ನುತ್ತೇನೆ. ನನ್ನ ಬಾಯಿ ಜೋರು ಅಂತ ಬೀದಿಯಲ್ಲೆಲ್ಲ ಹೆಸರಿದೆ. ಆ ಹೆಸರಿನಿಂದ ನನಗೆ ಅನುಕೂಲವೇ ಆಗಿದೆ.

ಗೇಮಿಂಗ್ ಕಂಪ್ಯೂಟರ್ ಜೋಡಿಸುವವರು ನಮ್ಮ ಕಡೆ ಹೆಚ್ಚಾದದ್ದು ಆಗಲೇ. ಆಟದ ಚಿತ್ರಗಳನ್ನು ಪರದೆಯ ಮೇಲೆ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೇ ಬಹುಪಾಲು ಹಣ ಹೋಗುತ್ತದೆ. ಉಳಿದ ಭಾಗಗಳೆಲ್ಲ ಅದಕ್ಕೆ ತಕ್ಕಂತೆ ಇರಬೇಕು. ಕೂರಲು ಹೊರಗಿನ ಪೆಟ್ಟಿಗೆಯಾದ ಕ್ಯಾಬಿನೆಟ್ಟಿನಲ್ಲಿ ಜಾಗ ಬೇಕು, ಕುಡಿಯಲು ಸಾಕಷ್ಟು ಕರೆಂಟು ಬೇಕು. ಇಷ್ಟು ಸರಳ ವಿಷಯವನ್ನು ಜನರಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗುತ್ತದೆ.

ಒಂದು ಶನಿವಾರ ಕೊತ್ತತ್ತಿಯ ಬೋರೇಗೌಡರು ಮಗಳು ರಂಜಿತಾಳನ್ನು ಕರೆದುಕೊಂಡು ಬಂದರು. ಆಕೆ ಮಂಡ್ಯದ ಲ್ಯಾಬೊಂದರಲ್ಲಿ ರಕ್ತಪರೀಕ್ಷೆಯ ಕೆಲಸದಲ್ಲಿದ್ದಳು. ಬೆಳಕವಾಡಿಯ ಮನೋಜನೊಂದಿಗೆ ನಿಶ್ಚಿತಾರ್ಥ ಮುಗಿದಿತ್ತು, ಛತ್ರವೂ ಗೊತ್ತಾಗಿತ್ತು. ಹುಡುಗನಿಗೆ ಏನು ಕೊಡಿಸಲಿ ಎಂದು ಗೌಡರು ಕೇಳಿದರೆ ಆತ ಬೈಕು ಬೇಡ, ಗೇಮಿಂಗ್ ಕಂಪ್ಯೂಟರ್ ಸಾಕು ಎಂದನಂತೆ. ಕೂಡಲೇ ಹುಡುಗನ ಸೋದರಮಾವ ಚಿಕ್ಕಲಿಂಗೇಗೌಡರು, ಕಂಪ್ಯೂಟರ್ ನಾನು ಕೊಡಿಸುತ್ತೇನೆ, ನೀವು ಬೇಕಾದರೆ ಕಾರ್ಡೊಂದು ಕೊಡಿ ಎಂದರಂತೆ. ಹುಡುಗನಿಗೆ ತಂದೆ ಇಲ್ಲ. ಸಾಕಿ ಓದಿಸಿದ್ದು ಈ ಮಾವ, ಆದ್ದರಿಂದ ಅವರ ಮಾತೇ ಅಂತಿಮ. ಕಾರ್ಡು ಕೊಟ್ಟರೂ ಮಾವನ ಎದುರು ತಮ್ಮದು ಕಡಿಮೆ ಅನ್ನಿಸಬಾರದು ಎಂಬ ಹಟ ಬೋರೇಗೌಡರಿಗೆ.

"ಇರೋದ್ರಲ್ಲಿ ದೊಡ್ದು ಕೊಡಮ್ಮ" ಎಂದರು.

ಕಾರ್ಡನ್ನು ತೆಂಗಿನಕಾಯಿ ಆರಿಸಿದ ಹಾಗೆ ಆರಿಸುವುದಿಲ್ಲ ಎಂದು ನಾನು ರೇಗಿದೆ. ರಂಜಿತಾ ನಕ್ಕಳು. ಆಕೆ ನನ್ನನ್ನು ಕಾರ್ಡಿನ ಉದ್ದ ಎಷ್ಟು ಎಂದು ಕೇಳಿದಳು. ಹಾಗೆ ಕೇಳಿದ ಗಿರಾಕಿ ಆ ತಿಂಗಳಲ್ಲಿ ಆಕೆಯೊಬ್ಬಳೇ. ಮುನ್ನೂರ ಮೂವತ್ತಾರು ಮಿಲಿಮೀಟರ್ ಎಂದೆ. ಆಕೆ ಮನೋಜನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಮಾವ ತಂದಿರುವ ಕ್ಯಾಬಿನೆಟ್ಟಿನಲ್ಲಿ ಇಷ್ಟು ಉದ್ದದ ಕಾರ್ಡು ಕೂರುತ್ತದೆಯೇ, ಎಸ್‌ಎಂಪಿಎಸ್ ಏಳುನೂರ ಐವತ್ತು ವ್ಯಾಟ್ ಇದೆಯೇ ಎಂದು ನಾನೇ ಕೇಳಿದೆ. ಎಸ್‌ಎಂಪಿಎಸ್ ಎಂದರೆ ಗೋಡೆಯ ಕರೆಂಟನ್ನು ಪಳಗಿಸಿ ಒಳಗಿನ ಭಾಗಗಳಿಗೆ ಹಂಚುವ ಪೆಟ್ಟಿಗೆ.

"ಎಲ್ಲಾ ಆಗುತ್ತೆ ಮೇಡಂ, ಕೊಡಿ" ಎಂದ ಮನೋಜ.

ಮರುವಾರ ಜೋಡಣೆಗೆ ಮನೋಜನೂ ಸೇರಿ ಎರಡೂ ಕಡೆಯವರು ನನ್ನ ಅಂಗಡಿಗೇ ಬಂದರು. ಮದುವೆಗೆ ಮೊದಲು ಹುಡುಗಿ ಬೆಳಕವಾಡಿಗೆ ಹೋಗುವಂತಿರಲಿಲ್ಲ. ಚಿಕ್ಕಲಿಂಗೇಗೌಡರಿಗೋ ಅಂಗಡಿಯವರ ಮೇಲೆ ನಂಬಿಕೆಯೇ ಇರಲಿಲ್ಲ. ಕ್ಯಾಬಿನೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡೇ ಒಳಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾರಾರ ಗಂಡಸ್ರಿದ್ರೆ ಕರಿಯಮ್ಮ. ಬೆಲೆಬಾಳೋ ಸಾಮಾನು ಕಣಮ್ಮ ಇದು."

"ಗಂಡಸರು ಟೀ ಅಂಗಡೀಲಿ ಸಿಗ್ತಾರೆ, ಹೋಗಿ ಕರ್ಕೊಂಡ್ ಬನ್ನಿ. ಜೋಡಿಸೋದು ಮಾತ್ರ ನಾನೇ" ಎಂದೆ.

"ಜೋಡ್ಸು. ನನ್ ಕಣ್ಮುಂದ್ಲೇ ಜೋಡ್ಸು. ಒಳ್ಗಿಂದೊಳ್ಗೇ ಸಾಮಾನು ಬದ್ಲಾಯಿಸ್ಬುಡ್ತೀರ ನೀವು" ಎಂದು ಕುರ್ಚಿ ಎಳೆದುಕೊಂಡು ನನ್ನ ಮೊಣಕೈ ತಾಗುವಷ್ಟು ಹತ್ತಿರ ಕುಳಿತರು. ನನ್ನ ಮೈಯೆಲ್ಲ ಉರಿಯಿತು. ಆದರೂ ಸ್ಕ್ರೂಡ್ರೈವರ್ ತೆಗೆದುಕೊಂಡೆ.

ಮದರ್‌ಬೋರ್ಡು, ಪ್ರೊಸೆಸರ್, ರ‍್ಯಾಮ್ ಸರಿಯಾಗಿ ಕೂತವು. ಕಾರ್ಡನ್ನು ಇಳಿಸಿದರೆ ಅದರ ಮೂತಿ ಮುಂಭಾಗದ ಹಾರ್ಡ್‌ಡಿಸ್ಕ್ ಗೂಡಿಗೆ ತಗುಲಿ ನಿಂತಿತು. ಅಳತೆ ಹಿಡಿದೆ. ಇನ್ನೂರ ತೊಂಬತ್ತು ಮಿಲಿಮೀಟರಿನ ಜಾಗ.

"ಕೂರಲ್ಲ" ಎಂದೆ.

"ಇಷ್ಟುದ್ದದ್ದ ಯಾವನ್ ತರಕ್ಕೇಳ್ದ? ಜಂಬ ತೋರ್ಸಕೆ ತಂದವ್ರೆ" ಎಂದರು ಚಿಕ್ಕಲಿಂಗೇಗೌಡರು, ಬೋರೇಗೌಡರ ಮುಖಕ್ಕೇ.

"ಜಂಬ ಯಾರ್ದು ಗೌಡ್ರೇ? ಒಂದ್ ಕಾರ್ಡೂ ಹಿಡೀದೇ ಇರೋ ಡಬ್ಬ ತಂದು ಇಡೀ ಕಂಪ್ಯೂಟ್ರು ನಂದು ಅಂತ ಊರೆಲ್ಲ ಸಾರ್ಕೊಂಡ್ ಬಂದೋರ್ ನೀವು!" ಎಂದು ಬೋರೇಗೌಡರೂ ಎದ್ದು ನಿಂತರು. "ನಿಮ್ ಉಡ್ಗನ್ನೇ ಕೇಳಿದ್ವಿ. ಆಯ್ತದೆ ಅಂದ."

ಎಲ್ಲರೂ ಮನೋಜನ ಕಡೆ ತಿರುಗಿದರು. ಆತ ಫೋನು ನೋಡುತ್ತಿದ್ದ.

ಗೂಡನ್ನು ಹಿಡಿದಿರುವ ರಿವೆಟ್ಟುಗಳನ್ನು ಡ್ರಿಲ್ ಮಾಡಿ ತೆಗೆದರೆ ಕಾರ್ಡು ಕೂರುತ್ತದೆ ಎಂದು ನಾನು ಹೇಳಿದೆ. ಆ ಗೂಡಿನಿಂದ ಈಗಿನ ಕಂಪ್ಯೂಟರಿಗೆ ಉಪಯೋಗವೂ ಇಲ್ಲ. ಚಿಕ್ಕಲಿಂಗೇಗೌಡರು ಕ್ಯಾಬಿನೆಟ್ಟಿನ ಮೇಲೆ ಕೈ ಇಟ್ಟುಬಿಟ್ಟರು.

"ನಾ ಕೊಟ್ಟಿದ್ದ ಕೊಯ್ಯಕೆ ನೀನ್ಯಾರಮ್ಮ? ಬೇಕಾದ್ರೆ ಅವ್ರ್ ಕೊಟ್ಟಿದ್ದ ಕೊಯ್ಯಿ!"

ಕಾರ್ಡನ್ನು ಕೊಯ್ಯಲು ಬರುವುದಿಲ್ಲ ಎಂದು ಅವರಿಗೆ ತಿಳಿಸಲು ನಾನೂ ಕೂಗಬೇಕಾಯಿತು. ಬೀದಿಯವರು ಬಾಗಿಲಲ್ಲಿ ನಿಂತು ನೋಡತೊಡಗಿದ್ದರು. ಅಷ್ಟರಲ್ಲಿ ನನ್ನ ಕಣ್ಣು ಎಸ್‌ಎಂಪಿಎಸ್ ಮೇಲೆ ಬಿತ್ತು. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದ, ಹೆಸರು ಕೇಳಿರದ ಮಾಲು. ನಾನೂರ ಐವತ್ತು ವ್ಯಾಟ್ ಎಂದು ಚೀಟಿ ಅಂಟಿಸಿದ್ದರು. ಎತ್ತಿ ನೋಡಿದರೆ ಖಾಲಿ ಡಬ್ಬದಷ್ಟು ಹಗುರ. ಕಾರ್ಡಿಗೆ ಎಂಟು ಪಿನ್ನಿನ ಎರಡು ಪ್ರತ್ಯೇಕ ವೈರು ಬೇಕು. ಇದರಲ್ಲಿ ಒಂದೂ ಇರಲಿಲ್ಲ.

"ಜಗಳ ಆಮೇಲೆ ಆಡಿ" ಎಂದೆ. "ಗೂಡು ಕೊಯ್ದರೂ ಅಷ್ಟೇ, ಬಿಟ್ಟರೂ ಅಷ್ಟೇ. ಈ ಎಸ್‌ಎಂಪಿಎಸ್ ಇರೋವರೆಗೆ ನಾನು ಸ್ವಿಚ್ ಹಾಕಲ್ಲ."

"ಆಕು. ಏನಾಯ್ತದೋ ನೋಡೇಬುಡವ" ಎಂದರು ಮಾವ.

ಆಗ ಮನೋಜ ಮೊದಲ ಸಲ ಎದ್ದ. ಬ್ಯಾಗಿನಿಂದ ಒಂದು ಪುಟ್ಟ ಕನ್ವರ್ಟರ್ ವೈರು ತೆಗೆದು, ಮಾವನಿಗೆ ಕೇಳದಷ್ಟು ಮೆಲ್ಲಗೆ ನನಗೆ ಹೇಳಿದ: "ಇದ್ರಲ್ಲಿ ಕೊಡಿ ಮೇಡಂ. ಸದ್ಯಕ್ಕೆ ಆನ್ ಆಗುತ್ತೆ."

ಡಿಸ್ಕಿಗೆ ಕರೆಂಟು ಒಯ್ಯುವ ತೆಳು ವೈರನ್ನು ಕಾರ್ಡಿನ ಎಂಟು ಪಿನ್ನಿಗೆ ತಿರುಗಿಸುವ ಕಳ್ಳದಾರಿ ಅದು. ಮಾವನಿಗೆ ಕೇಳಿಸಲಿಲ್ಲ, ರಂಜಿತಾಳಿಗೆ ಕೇಳಿಸಿತು. ಆಕೆ ಹತ್ತಿರ ಬಂದು ವೈರನ್ನು ಅವನ ಕೈಯಿಂದ ತೆಗೆದುಕೊಂಡಳು.

"ಇದನ್ನ ಹಾಕಿದ್ರೆ ಏನಾಗುತ್ತೆ ಮೇಡಂ?"

"ಇವತ್ತು ಆನ್ ಆಗಬಹುದು. ಗಂಟೆಗಟ್ಟಲೆ ಆಡ್ತಾ ಇದ್ರೆ ವೈರು ಕಾಯುತ್ತೆ, ಕರಗುತ್ತೆ. ಒಂದಿನ ಹೊತ್ಕೊಳ್ಳುತ್ತೆ."

ಆಕೆ ಮನೋಜನನ್ನು ನೋಡಿದಳು. "ಎಸ್‌ಎಂಪಿಎಸ್ ಸಾಲಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತು. ಅದಕ್ಕೇ ಇದನ್ನ ತಂದಿದ್ದೀರ."

"ಗೊತ್ತಿತ್ತು. ಮಾವ ಖುಷಿಯಾಗಿ ತಂದಿದ್ರು. ಸರಿಯಿಲ್ಲ ಅಂದ್ರೆ ಬೇಜಾರ್ ಮಾಡ್ಕೋತಾರೆ ಅಂತ... ಮದುವೆ ಆದ್ಮೇಲೆ ನಿಧಾನಕ್ಕೆ ಬದಲಾಯಿಸೋಣ ಅಂತಿದ್ದೆ."

"ಅಲ್ಲೀವರೆಗೂ ಎಲ್ಲಿಡ್ತಿದ್ರಿ ಇದನ್ನ?"

"ರೂಮಲ್ಲಿ."

"ನಾವು ಮಲಗೋ ರೂಮಲ್ಲಿ."

ಮನೋಜ ತಲೆ ತಗ್ಗಿಸಿದ. ಚಿಕ್ಕಲಿಂಗೇಗೌಡರು ಅವನ ಕಡೆ ತಿರುಗಿದರು.

"ಲೇ, ನಂಗೇಳಿದ್ರೆ ನಿನ್ನ ನುಂಗ್ಬುಡ್ತಿದ್ನೇನ್ಲಾ? ಅಂಗ್ಡಿಗೋಗಿ ಬೇರೆ ತಂದಾಕ್ತಿರ್ನಿಲ್ವ? ನನ್ ಮನೆಗೇ ಬೆಂಕಿ ಇಕ್ಕೋ ಸಾಮಾನ ನನ್ ಕೈಯಲ್ಲೇ ಒರಿಸ್ಕಂಡ್ ಬಂದ್ಯಲ್ಲ!"

ಅಲ್ಲಿಯವರೆಗೆ ಆ ಮನುಷ್ಯನನ್ನು ಕಂಡರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಆ ಗಳಿಗೆಯಲ್ಲಿ ಮಾತ್ರ ನನ್ನ ಸಿಟ್ಟೆಲ್ಲ ಸೋದರಳಿಯನ ಮೇಲೆ ತಿರುಗಿತು. ಮಾವನ ಕೂಗಾಟ ಎಲ್ಲರಿಗೂ ಕೇಳಿಸುತ್ತದೆ, ಅದಕ್ಕೆ ಉತ್ತರ ಕೊಡಬಹುದು. ಈ ಹುಡುಗನ ಮೆತ್ತಗಿನ ಸ್ವಭಾವಕ್ಕೆ ಏನೆಂದು ಉತ್ತರ ಕೊಡುವುದು?

ರಂಜಿತಾ ಕೂಗಲಿಲ್ಲ. ಕಾರ್ಡನ್ನು ಅದರ ಚೀಲದಲ್ಲಿ ಹಾಕಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು. "ಅಪ್ಪಾ, ನಡಿ. ಛತ್ರದವರಿಗೆ ಬೇಡ ಅಂತ ನಾನೇ ಹೇಳ್ತೀನಿ."

ಬೋರೇಗೌಡರು ಒಂದು ವೈರಿಗೋಸ್ಕರ ಮದುವೆ ಬಿಡುತ್ತೀಯಾ ಎಂದು ಬಾಗಿಲಲ್ಲೇ ಮಗಳನ್ನು ಬೈದರು. ಅವರ ಬೈಗುಳವೂ ಅವಳ ಹೆಜ್ಜೆಗಳೂ ಬಸ್ ನಿಲ್ದಾಣದ ಕಡೆ ಹೋಗುವುದನ್ನು ನಾನು ಕೇಳಿಸಿಕೊಂಡೆ. ಮದುವೆ ನಡೆಯಲಿಲ್ಲ. ಎರಡೂ ಊರಿನಲ್ಲಿ ಮದುವೆ ಮುರಿದವಳು ಮದ್ದೂರಿನ ಕಂಪ್ಯೂಟರ್ ಹೆಂಗಸು ಎಂದಾಯಿತು. ಬೆಳಕವಾಡಿಯಿಂದ ಬರುತ್ತಿದ್ದ ಗಿರಾಕಿಗಳು ನಿಂತರು. ಜಾತಕ ಕೂಡಿಸೋದೂ ಶುರು ಮಾಡಿದ್ಯಂತೆ ಎಂದು ಬೀದಿಯವರು ಛೇಡಿಸಿದರು. ನನಗೆ ನಗು ಬರಲಿಲ್ಲ. ಆ ಸ್ವಿಚ್ಚು ಹಾಕದಿದ್ದುದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ಎರಡು ತಿಂಗಳ ಮೇಲೆ ಚಿಕ್ಕಲಿಂಗೇಗೌಡರು ಅದೇ ಕ್ಯಾಬಿನೆಟ್ಟು ಹಿಡಿದು ಮನೋಜನೊಂದಿಗೆ ಮತ್ತೆ ಬಂದರು. ಒಳ್ಳೆಯ ಎಸ್‌ಎಂಪಿಎಸ್ ಹಾಕಿ, ಗೂಡು ಬೇಕಾದರೆ ಕೊಯ್ಯಿರಿ, ಹೊಸ ಕಾರ್ಡೂ ನೀವೇ ಕೊಡಿ ಎಂದರು. ಈ ಸಲ ಮೇಡಂ ಎಂದೂ ಕರೆದರು. ಈ ಕೆಲಸದಲ್ಲಿ ಅಷ್ಟು ವರ್ಷ ಭಾಗಗಳ ಅಳತೆಯನ್ನು ಮೊದಲು ಕೇಳುತ್ತಿದ್ದ ನಾನು, ಆ ಜಗಳವಾದ ಮೇಲೆ, ಏನು ಬೇಕೆಂಬ ಮಾತನ್ನು ಕಂಪ್ಯೂಟರ್ ಬಳಸುವವರ ಬಾಯಿಂದಲೇ ಮೊದಲು ಹೊರಡಿಸುವುದನ್ನು ಕಲಿತಿದ್ದೆ. ಬೇರೆಯವರು ಉತ್ತರ ಕೊಟ್ಟರೆ ಆ ಕೆಲಸ ನನಗೆ ಬೇಡ. ಅದಕ್ಕೇ ಮಾವನನ್ನು ಸುಮ್ಮನಿರಿಸಿ ಮನೋಜನನ್ನು ಕೇಳಿದೆ:

"ನಿಂಗೆ ಯಾವುದು ಬೇಕಪ್ಪ?"

ಮನೋಜ ಮಾವನ ಮುಖ ನೋಡಿದ.

ನಾನು ಕ್ಯಾಬಿನೆಟ್ಟನ್ನು ಅವರ ಕಡೆಗೆ ವಾಪಸ್ ತಳ್ಳಿದೆ.