ದುರಗವ್ವನ ಮಗನ ಕನ್ನಡ

ಕತೆ ಹೇಳುವವರಿಗೆ ಎದುರಿನಿಂದ ಒಂದು ಹ್ಞೂಂ ಬೇಕು. ನನ್ನ ಅವ್ವ ದುರಗವ್ವನ ಕಟ್ಟಳೆ ಅದು. ಉಪ್ಪಿನಬೆಟಗೇರಿಯ ನಮ್ಮ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಅವಳು ಕತೆ ಹೇಳುವಾಗ ಮಾತು ಮಾತಿಗೂ ನಾವು ಹ್ಞೂಂ ಅನ್ನಬೇಕಿತ್ತು. ಹ್ಞೂಂ ನಿಂತರೆ, ಬಾವಿಗೆ ಹಗ್ಗ ಬಿಟ್ಟು ಇಳಿಯುತ್ತಿದ್ದ ರಾಜಕುಮಾರ ಅಲ್ಲೇ ಜೋತಾಡುತ್ತ ಉಳಿದುಬಿಡುತ್ತಿದ್ದ. "ನೀವು ಮಲಗಿದ್ರಿ, ಅವನೂ ಮಲಗ್ಯಾನ" ಎಂದು ಅವ್ವ ಮೊರ ಎತ್ತಿಟ್ಟು ಎದ್ದು ಹೋಗುತ್ತಿದ್ದಳು. ನನ್ನ ನಿದ್ದೆಯಿಂದಾಗಿ ಬಾವಿಯಲ್ಲೇ ಉಳಿದ ರಾಜಕುಮಾರರು ಎಷ್ಟೋ ಮಂದಿ. ಆದ್ದರಿಂದ ನೀವೂ ಮನಸ್ಸಿನಲ್ಲೇ ಹ್ಞೂಂ ಅನ್ನುತ್ತಿರಿ. ಈ ಸಲ ಹಗ್ಗ ಹಿಡಿದು ಜೋತಾಡುತ್ತಿರುವವನು ನಾನೇ.

ನನ್ನ ಹೆಸರು ಉದಯಕುಮಾರ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಒಂದು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಅನುವಾದ ಕಂಪನಿ ಇದೆ. ಮಗ ಏನು ಮಾಡುತ್ತಾನೆ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ಅವ್ವ "ಕನ್ನಡ ಮಾಡತಾನ" ಎನ್ನುತ್ತಾಳೆ. ಬೆಲ್ಲ ಮಾಡಿದ ಹಾಗೆ, ಎಣ್ಣೆ ಮಾಡಿದ ಹಾಗೆ ಇದೂ ಒಂದು ಧಂದೆ ಇರಬೇಕೆಂದು ಅವರು ತಲೆಯಾಡಿಸುತ್ತಾರೆ. ಅದೇನೂ ಸುಳ್ಳಲ್ಲ. ಹೊಸ ಮಿಕ್ಸರ್ ತಂದಾಗ ಡಬ್ಬಿಯೊಳಗೆ ಒಂದು ಹಾಳೆ ಇರುತ್ತದಲ್ಲ, ಅದನ್ನು ನೀವು ಬಿಚ್ಚಿ ಕೂಡ ನೋಡದೆ ಕಪಾಟಿನ ತಳಕ್ಕೆ ಹಾಸುತ್ತೀರಲ್ಲ, ಅದರ ಮೇಲಿನ ಕನ್ನಡ ನನ್ನದು. ವಿಮೆಯ ಷರತ್ತುಗಳು ನನ್ನವು. ಆಸ್ಪತ್ರೆಯಲ್ಲಿ ನೀವು ಓದದೆ ಸಹಿ ಹಾಕುವ ಒಪ್ಪಿಗೆ ಪತ್ರವೂ ನನ್ನದೇ. ಈ ಜಿಲ್ಲೆಯಲ್ಲಿ ನನ್ನಷ್ಟು ಅಚ್ಚಾದವರು, ನನ್ನಷ್ಟು ಓದಿಸಿಕೊಳ್ಳದವರು ಇನ್ನೊಬ್ಬರಿಲ್ಲ.

ಮೊದಮೊದಲು ಇಂಗ್ಲಿಷಿನಿಂದ ನಾನೇ ಕನ್ನಡಕ್ಕೆ ತರುತ್ತಿದ್ದೆ. ಆಮೇಲೆ ಯಂತ್ರ ಬಂತು. ಅನುವಾದ ಅದು ಮಾಡುವುದು, ತಿದ್ದುವುದು ನಾನು. ತಿದ್ದಿದ್ದೆಲ್ಲ ಅದರ ನೆನಪಿಗೆ ಸೇರಿ ಮುಂದಿನ ಸಲ ಅದು ಇನ್ನಷ್ಟು ಜಾಣನಾಗಿ ಬರುತ್ತಿತ್ತು. ಶಿಷ್ಯ ತಯಾರಾಗುತ್ತಿದ್ದಾನೆ ಎಂದು ನನಗೆ ಒಂಥರಾ ಜಂಬ. ನಿಜವಾದ ಶಿಷ್ಯ ಯಾರೆಂದು ತಿಳಿದದ್ದು ದೇಶಪಾಂಡೆ ನಗರದ ಕಾಯಿಪಲ್ಲೆ ಗಾಡಿಯ ಮುಂದೆ. "ದಯವಿಟ್ಟು ಅರ್ಧ ಕಿಲೋ ಬದನೆಕಾಯಿ ಒದಗಿಸಿ" ಎಂದುಬಿಟ್ಟೆ. ಗಾಡಿಯ ಅಬೀದಾ ತಕ್ಕಡಿ ಹಿಡಿದವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಯಾವ ಕಡೀ ಮಂದೀರಿ ಸಾಹೇಬ್ರ? ಕನ್ನಡ ಛಲೋ ಕಲತೀರಿ ಬಿಡ್ರಿ" ಎಂದಳು.

ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಕರುಣಾ ನಗಲಿಲ್ಲ. ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ, ಪುರಾವೆ ಇಟ್ಟುಕೊಂಡೇ ಮಾತಾಡುವವಳು. "ಮದಿವ್ಯಾಗುವಾಗ ಮನುಷ್ಯಾರ ಇದ್ರಿ. ಮೊನ್ನೆ ನನಗ ಜ್ವರ ಬಂದಾಗ ಏನಂದ್ರಿ, ನೆನಪೈತೇನು? 'ಲಕ್ಷಣಗಳು ಮುಂದುವರಿದಲ್ಲಿ ತಿಳಿಸು' ಅಂದ್ರಿ."

ಅವ್ವನಿಗೆ ಸಕ್ಕರೆ ಕಾಯಿಲೆ ಇದೆ. ಒಮ್ಮೆ ಫೋನಿನಲ್ಲಿ "ಊಟದ ನಂತರ ಮಾತ್ರೆ ಸೇವಿಸಿದೆಯಾ?" ಎಂದು ಕೇಳಿದೆ. ಅವ್ವ ಬಹಳ ಮರ್ಯಾದೆಯಿಂದ "ನನ್ನ ಮಗಾ ಇಲ್ಲೇನ್ರಿ ಅಲ್ಲೆ? ಅವನ ಕೈಯಾಗ ಕೊಡ್ರಿ ಸ್ವಲ್ಪ" ಎಂದಳು.

ಹೀಗಿರುವಾಗ ಒಂದು ದಿನ ಅರ್ನೆಸ್ಟ್ ಸರ್ ಕರೆದರು. ಕಂಪನಿ ಅವರದು. ಅಪ್ಪ, ಅಜ್ಜ ಎಲ್ಲ ಮಿಶನ್ ಶಾಲೆಯಲ್ಲಿ ಮಾಸ್ತರರಾಗಿದ್ದ ಮನೆತನ. ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಕೆಟ್ಟ ಸುದ್ದಿ ಹೇಳುವ ಮೊದಲು ಅವರು ಚಹಾ ತರಿಸುತ್ತಾರೆ. ಆ ದಿನ ಚಹಾದ ಜೊತೆ ಒಂದು ತಟ್ಟೆ ಖಾರಾನೂ ಬಂತು.

"ಕೂಡ್ರಿ ಉದಯಕುಮಾರ. ಮುಂಬೈ ಔಷಧ ಕಂಪನಿಯವರು ಸಕ್ಕರಿ ಇದ್ದಾವ್ರಿಗೆ ಒಂದು ಫೋನ್ ಸೇವಾ ಸುರು ಮಾಡಾಕತ್ತಾರ್ರಿ. ನಂಬರ್ ಒತ್ತಿದ್ರ ಹೆಂಗ ಕಾಳಜಿ ತಗೋಬೇಕು ಅಂತ ಕನ್ನಡದಾಗ ಹೇಳತೈತಿ."

"ಮಾಡೋಣ್ರಿ ಸರ್."

"ಯಂತ್ರ ಮಾಡಿ ಮುಗಿಸೇತ್ರಿ."

ಬಾಯಿಗೆ ಖಾರಾ ಹಾಕಿಕೊಂಡವನು ಅಗಿಯುವುದನ್ನು ಮರೆತೆ.

"ನೀವೂ ಒಂದು ಮಾಡ್ರಿ," ಎಂದರು ಸರ್. "ಅದರದು ನೋಡದ, ಮೊದಲಿಂದ. ಎರಡೂ ಒಂದು ಹಳ್ಳ್ಯಾಗ ಮಂದಿಗೆ ಕೇಳಸೂದು. ಯಾವುದಕ್ಕ ಹೆಚ್ಚು ಕೈ ಏಳತಾವ, ಅದ ಫೋನಿನಾಗ. ಯಂತ್ರದ್ದಕ್ಕ ಎದ್ದುವು ಅಂದ್ರ, ಕನ್ನಡಕ್ಕ ಇನ್ನ ತಿದ್ದಾವ್ರು ಬ್ಯಾಡ ಅಂತಾರ್ರಿ ಅವರು. ನಿಮ್ಮ ಕುರ್ಚಿ ಉಳಸೂದು ನನ್ನ ಕೈಯಾಗ ಇಲ್ಲ."

"ನಮ್ಮೂರಿಗೆ ಹೋಗೋಣ್ರಿ ಸರ್!" ಖಾರಾ ನೆತ್ತಿಗೇರುವಷ್ಟು ಅವಸರದಲ್ಲಿ ಹೇಳಿದೆ.

"ನಿಮ್ಮ ಮಂದಿ ನಿಮ್ಮದಕ್ಕ ಕೈ ಎತ್ತತಾರಲ್ರಿ ಮತ್ತ?"

"ಅವರಿಗೆ ಹೆಂಗ ಗೊತ್ತಾಗಬೇಕ್ರಿ? ಹೆಸರು ಹೇಳಂಗಿಲ್ಲ. ಎರಡೂ ಫೇಬಿನ ಓದತಾಳ, ದನಿಯೂ ಒಂದ."

ಫೇಬಿ ನಮ್ಮ ಕಚೇರಿಯ ಹುಡುಗಿ, ಇಂಥ ಪರೀಕ್ಷೆಗಳನ್ನು ನಡೆಸುವುದು ಅವಳ ಕೆಲಸ. ಸರ್ ಒಪ್ಪಿದರು. ನಾನು ಒಳಗೊಳಗೇ ನಕ್ಕೆ. ನನ್ನ ಹೆಸರು ಯಾಕೆ ಬೇಕು? ಆ ಓಣಿಯ ಕಿವಿಗಳನ್ನು ಹದ ಮಾಡಿದವಳು ನನ್ನ ಅವ್ವ. ಅವಳ ಹಾಗೆ ಬರೆದರೆ ಸಾಕು.

ಹುಬ್ಬಳ್ಳಿಯ ಮನೆಯಲ್ಲಿ ಬರೆಯಲು ಕುಳಿತೆ. ಮೊದಲು ಬಂದ ಸಾಲು: "ಪಾದಗಳನ್ನು ಪ್ರತಿದಿನ ಪರಿಶೀಲಿಸಿ." ಅಳಿಸಿದೆ. ಎರಡನೆಯದು: "ಪ್ರತಿದಿನ ಪಾದಗಳ ಪರಿಶೀಲನೆ ನಡೆಸಿ." ಅದನ್ನೂ ಅಳಿಸಿ ಕಂಪ್ಯೂಟರ್ ಮುಚ್ಚಿದೆ. ಎದುರಿಗೆ ಅವ್ವ ಮೊರ ಹಿಡಿದು ಕುಳಿತಿದ್ದಾಳೆ ಎಂದುಕೊಂಡು ಪಡಸಾಲೆಯಲ್ಲಿ ಅಡ್ಡಾಡುತ್ತ ಬಾಯಿಬಿಟ್ಟು ಹೇಳತೊಡಗಿದೆ. ಸ್ವಲ್ಪ ಹೊತ್ತಿಗೆ ಕರುಣಾ ಅಡುಗೆಮನೆಯಿಂದ ಇಣುಕಿದಳು.

"ಯಾರು ಬಂದಾರ್ರಿ?"

"ಯಾರೂ ಇಲ್ಲ. ನಾನ."

"ಅಯ್ಯ, ನೀವೇನು! ಯಾರೋ ಮನುಷ್ಯಾರು ಬಂದಾರ ಅಂತ ಚಾಕ್ಕ ಇಟ್ಟಿದ್ದೆ."

ಅಷ್ಟು ದೊಡ್ಡ ಪ್ರಶಸ್ತಿ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಆ ಚಹಾ ನಾನೇ ಕುಡಿದೆ.

ಪರೀಕ್ಷೆಯ ದಿನ ನಮ್ಮ ಓಣಿಯ ಸಮುದಾಯ ಭವನದಲ್ಲಿ ಜಮಖಾನೆ ಹಾಸಿದ್ದರು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು. ಕೆಳಗೆ ಓಣಿಯ ಸಕ್ಕರೆಯವರೆಲ್ಲ. ಅವ್ವ ಮೊದಲ ಸಾಲಿನ ನಡುಮಧ್ಯೆ ಕುಳಿತಿದ್ದಳು, ಮದುವೆ ಮನೆಗೆ ಉಡುವ ಸೀರೆ ಉಟ್ಟು. ಪಕ್ಕದಲ್ಲಿ ದೇವಕ್ಕ. ಅವರಿಬ್ಬರದು ನೀರು ತರುವ ಕಾಲದಿಂದಲೂ ಜಗಳ, ಆದರೂ ಒಬ್ಬರನ್ನು ಬಿಟ್ಟು ಒಬ್ಬರು ಕೂಡುವುದಿಲ್ಲ. ನಾನು ತುಟಿ ಬಿಚ್ಚಬಾರದು ಎಂದು ಫೇಬಿ ನನ್ನನ್ನು ಹಿಂದಿನ ಗೋಡೆಗೆ ಕೂರಿಸಿದ್ದಳು.

"ಒಂದ ಮಾತನ್ನ ಎರಡು ಥರಾ ಬರಿಸೇವ್ರಿ," ಎಂದಳು ಫೇಬಿ. "ಎರಡೂ ಕೇಳ್ರಿ. ಯಾವುದು ಫೋನಿನಾಗ ಬರಬೇಕು ಅನಸ್ತೈತಿ, ಅದಕ್ಕ ಕೈ ಎತ್ರಿ."

ಅವ್ವ ಕೇಳಿಯೇ ಬಿಟ್ಟಳು. "ಇದರಾಗ ನನ್ನ ಮಗಂದು ಯಾವುದು ತಂಗಿ?"

"ಅದನ್ನ ಹೇಳಂಗಿಲ್ರಿ ಅಮ್ಮಾ."

"ಬ್ಯಾಡ ಬಿಡು. ಹಡದಾಕಿಗೆ ಗೊತ್ತಾಗೂದಿಲ್ಲೇನು?"

ನನ್ನ ಎದೆ ಹಿಗ್ಗಿತು. ಮೊದಲು ಬಂದದ್ದು ನನ್ನದು. ಮೊದಲೇ ರೆಕಾರ್ಡು ಮಾಡಿದ್ದ ಫೇಬಿಯ ದನಿ ಸ್ಪೀಕರ್ ಪೆಟ್ಟಿಗೆಯಿಂದ ಹೊರಟಿತು:

"ಸಕ್ಕರಿ ಇದ್ದಾವ್ರಿಗೆ ಕಾಲಿಗೆ ಮುಳ್ಳು ನಟ್ರೂ ಗೊತ್ತಾಗಂಗಿಲ್ಲ."

"ಹ್ಞೂಂ," ಎಂದಿತು ಮುಂದಿನ ಸಾಲಿನಿಂದ ಒಂದು ದನಿ.

"ಅದಕ್ಕ ದಿನಾ ಮಲಗೂ ಮುಂದ ಅಂಗಾಲ ತಿರುವಿ ನೋಡಕೊಳ್ರಿ."

"ಹ್ಞೂಂ." ಈ ಸಲ ಮೂರು ನಾಲ್ಕು.

"ಬಗ್ಗಾಕ ಆಗಲಿಲ್ಲಂದ್ರ ಸೊಸಿಗೆ ತೋರಸ್ರಿ, ಮೊಮ್ಮಗಳಿಗೆ ತೋರಸ್ರಿ. ನಾಚಬ್ಯಾಡ್ರಿ. ನಿಮ್ಮ ಕಾಲ ಮ್ಯಾಲ ಬೆಳದಾವ್ರ ಅವರು."

"ಹ್ಞೂಂ! ಖರೇ ಐತಿ!" ಇಡೀ ಜಮಖಾನೆ ಹ್ಞೂಂಗುಟ್ಟಿತು. ಯಾರೋ ಮಡಚಿದ ಕಾಲು ಬಿಚ್ಚಿ ಅಲ್ಲೇ ಅಂಗಾಲು ನೋಡಿಕೊಂಡರು. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಕುರ್ಚಿ ಉಳಿಯಿತು. ಅರ್ನೆಸ್ಟ್ ಸರ್ ಇನ್ನು ಮೇಲೆ ಖಾರಾ ತರಿಸಿದರೆ ಅದು ಖುಷಿಗೇ ಇರುತ್ತದೆ ಎಂದೆಲ್ಲ ಯೋಚನೆ ಮಾಡಿದೆ.

ಆಮೇಲೆ ಯಂತ್ರದ್ದು ಬಂತು. "ಪ್ರಿಯ ಬಳಕೆದಾರರೇ, ನಿಮ್ಮ ಪಾದಗಳನ್ನು ಪ್ರತಿದಿನ ಪರಿಶೀಲಿಸಿ. ಯಾವುದೇ ಗಾಯ ಕಂಡುಬಂದಲ್ಲಿ ದಯವಿಟ್ಟು ನಿಮ್ಮ ಆರೋಗ್ಯ ಸೇವಾ ಪೂರೈಕೆದಾರರನ್ನು ಸಂಪರ್ಕಿಸಿ."

ಒಂದೂ ಹ್ಞೂಂ ಇಲ್ಲ. ಧ್ವಜ ಹಾರಿಸಿದ ಮೇಲೆ ಸಾಹೇಬರು ಭಾಷಣ ಮಾಡುವಾಗ ಮಕ್ಕಳು ನಿಲ್ಲುತ್ತಾರಲ್ಲ, ಹಾಗೆ ಕುಳಿತಿದ್ದರು. ಆದರೆ ಅವ್ವನ ಮುಖ ನೋಡುತ್ತೇನೆ, ಅರಳಿದೆ. ಬಾಗಿ ದೇವಕ್ಕನ ಕಿವಿಯಲ್ಲಿ ಏನೋ ಅಂದಳು. ದೇವಕ್ಕ ಪಕ್ಕದವಳಿಗೆ, ಅವಳು ಹಿಂದಿನವಳಿಗೆ. ಪಿಸುಮಾತು ಸಾಲು ಸಾಲು ದಾಟಿ ಬಂತು. ಮೊದಲನೆಯದು ನನ್ನದೆಂದು ಅವ್ವ ಗುರುತು ಹಿಡಿದಳು ಎಂದುಕೊಂಡು ನಾನು ನಾಚಿ ನೆಲ ನೋಡಿದೆ.

"ಮೊದಲನೇದು ಬರಲಿ ಅನ್ನಾವ್ರು ಕೈ ಎತ್ರಿ," ಎಂದಳು ಫೇಬಿ.

ಎದ್ದದ್ದು ಒಂದೇ ಕೈ.

"ಸರ್, ನಿಮ್ಮದು ಎಣಸಂಗಿಲ್ರಿ," ಎಂದಳು ಫೇಬಿ. ನನ್ನ ಕೈ ಯಾವಾಗ ಮೇಲೆ ಹೋಗಿತ್ತೋ ನನಗೇ ತಿಳಿಯದು. ಕೆಳಗಿಳಿಸಿದೆ.

"ಎರಡನೇದು?"

ಭವನ ತುಂಬ ಬಳೆಗಳ ಸದ್ದು. ಅವ್ವ ಎರಡೂ ಕೈ ಎತ್ತಿದ್ದಳು.

"ಒಂದ ಸಾಕ್ರಿ ಅಮ್ಮಾ."

"ಇರಲಿ ಬಿಡವಾ," ಎಂದಳು ಅವ್ವ.

ಮಧ್ಯಾಹ್ನ ಮನೆಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ. ಅವ್ವ ರೊಟ್ಟಿಯ ಮೇಲೆ ಬೆಣ್ಣೆ ಹಾಕಿದವಳು ಮತ್ತೆ ಇನ್ನಷ್ಟು ಹಾಕಿದಳು. "ಹೆಂಗ ಗುರುತು ಹಿಡದೆ ನೋಡು! ಆ ತಂಗಿ ಹೇಳಲಿಲ್ಲ. 'ದಯವಿಟ್ಟು' ಅಂತು ನೋಡು ಅದು, ಇವನ ನನ್ನ ಮಗಾ ಅಂದೆ. ಫೋನಿನಾಗ ಹಿಂಗ ಅಲ್ಲೇನು ನೀ ಮಾತಾಡೂದು? ಒಂದೂ ತಿಳಿಯೂದಿಲ್ಲ, ಆದರ ಭಾಳ ಓದಿದಾವ ಅಂತ ಗೊತ್ತಾಕ್ಕೈತಿ. ದೇವಕ್ಕಗ ಹೇಳಿದೆ, ಎಲ್ಲಾರಿಗೂ ಹೇಳು, ನಮ್ಮ ಉದಯಾಂದು ಎರಡನೇದು, ಒಂದು ಕೈನೂ ತಪ್ಪಬಾರದು ಅಂತ."

ನೀರು ಕುಡಿದು ಕೇಳಿದೆ. "ಮೊದಲನೇದು ಹೆಂಗಿತ್ತು ಬೇ?"

ಅವ್ವ ದನಿ ತಗ್ಗಿಸಿದಳು. "ಖರೇ ಹೇಳಲೇನು? ಅದು ಭಾಳ ಛಲೋ ಇತ್ತು. ಹ್ಞೂಂ ತಡಕೊಳ್ಳಾಕ ಆಗಲಿಲ್ಲ ನನಗ. ಯಾರ ಮಗಾನೋ, ಅವನ ಅವ್ವ ಅವನ್ನ ಛಂದ ಬೆಳಸ್ಯಾಳ. ಆದರ ಹೊಟ್ಟ್ಯಾಗ ಹುಟ್ಟಿದಾವನ್ನ ಬಿಟ್ಟು ಮಂದಿ ಮಗಗ ಕೈ ಎತ್ತಾಕ ಬರತೈತೇನು?"

ಬೆಣ್ಣೆ ಹಾಕಿದ ಕೈಯನ್ನು ನೋಡುತ್ತ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಮರುದಿನ ಅರ್ನೆಸ್ಟ್ ಸರ್‌ಗೆ ಎಲ್ಲ ಹೇಳಿದೆ. ಅವರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. "ಇದನ್ನ ಮುಂಬೈಗೆ ಹೆಂಗ ಬರೀಲಿ ಹೇಳ್ರಿ? ನಮ್ಮ ತರ್ಜುಮೆ ಛಲೋ ಇತ್ರಿ, ಆದರ ಅವರ ತಾಯಿಗೆ ಮಗನ ಮ್ಯಾಲ ಪ್ರೀತಿ ಭಾಳ, ಅದಕ್ಕ ಸೋತೇವಿ ಅಂತ ಬರೀಲೇನು?"

ಅದನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಂದು ನೋಡಿದೆ. ಎಷ್ಟು ತಿದ್ದಿದರೂ ನಂಬುವ ಹಾಗೆ ಆಗಲಿಲ್ಲ.

ಕುರ್ಚಿ ಹೋಯಿತು. ಅದರ ಮೇಲೆ ಈಗ ಪ್ರಿಂಟರ್ ಕೂತಿದೆ. ನನ್ನನ್ನು ಮಾತ್ರ ಪೂರ್ತಿ ಬಿಡಲಿಲ್ಲ. ಒಂದು ಹಳ್ಳಿ ಇಷ್ಟು ಒಮ್ಮತದಿಂದ ಕೈ ಎತ್ತಿದ್ದನ್ನು ಮುಂಬೈಯವರು ಎಲ್ಲೂ ನೋಡಿರಲಿಲ್ಲವಂತೆ. ಇವರನ್ನು ಸೇರಿಸಿದವರು ಯಾರೆಂದು ಕೇಳಿದರಂತೆ. ಈಗ ನನ್ನ ಕೆಲಸ ಊರೂರಿಗೆ ಹೋಗಿ ಮಂದಿಯನ್ನು ಕೂರಿಸಿ ಯಂತ್ರದ ಕನ್ನಡ ಕೇಳಿಸುವುದು. ಪೆಟ್ಟಿಗೆ ಹೊತ್ತು ಬಸ್ ಹತ್ತುವಾಗ ಒಮ್ಮೊಮ್ಮೆ ಅನಿಸುತ್ತದೆ, ಮೇಳದಲ್ಲಿ ಹಾಡುವವನಾಗಿದ್ದವನು ಪೆಟ್ಟಿಗೆ ಹೊರುವವನಾದೆ. ಹ್ಞೂಂ ಬರೆದುಕೊಳ್ಳಲು ಅವರು ಕೊಟ್ಟ ಹಾಳೆಯಲ್ಲಿ ಜಾಗವಿಲ್ಲ.

ಫೋನ್ ಸೇವೆ ಶುರುವಾಯಿತು. ಕೆಲವು ವಾರದ ಮೇಲೆ ಊರಿಗೆ ಹೋದಾಗ ಅವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಫೋನನ್ನು ಪಕ್ಕದಲ್ಲಿ ಜೋರಾಗಿ ಹಚ್ಚಿಕೊಂಡು ಕುಳಿತಿದ್ದಳು. "ಪ್ರಿಯ ಬಳಕೆದಾರರೇ" ಎನ್ನುತ್ತಿತ್ತು ಅದು.

"ಇದೇನು ಬೇ?"

"ನೀ ಫೋನ್ ಎತ್ತೂದಿಲ್ಲ. ಇದು ಎತ್ತತೈತಿ. ದನಿ ಆ ತಂಗೀದ ಇರಲಿ, ಮಾತು ನಿಂದ ಅಲ್ಲೇನು? ದಿನಾ ಕೇಳತೇನಿ."

"ಅದು ಹೇಳಿದಂಗ ಕಾಲು ನೋಡಕೋತೀಯೇನು?"

"ಕಾಲಿಂದು ಹೇಳತೈತೇನದು?" ಎಂದಳು ಅವ್ವ ಅಚ್ಚರಿಯಿಂದ.

ಇಷ್ಟು ದಿನ ನುಂಗಿಕೊಂಡದ್ದು ಇನ್ನು ನಿಲ್ಲಲಿಲ್ಲ. ಎದುರಿಗೆ ಕುಳಿತು ಎಲ್ಲ ಹೇಳಿದೆ. ಎರಡನೆಯದು ಯಂತ್ರದ್ದೆಂದೆ. ಮೊದಲನೆಯದು ನನ್ನದೆಂದೆ. ಕುರ್ಚಿಯದೂ ಹೇಳಿದೆ. ಅವ್ವ ಫೋನ್ ಬಂದ್ ಮಾಡಿದಳು.

"ಮಂದಿ ಮಗಾ ಅಂದೆನಲ್ಲೋ ನಿನಗ," ಎಂದಳು. ಮೊರದಲ್ಲಿದ್ದ ಒಂದು ಕಲ್ಲು ಹೆಕ್ಕಿದಳು. "ನಾ ಕತಿ ಹೇಳಿದಂಗ ಬರದಿದ್ಯಲ್ಲ, ಅಲ್ಲೇನು? ಊರ ಮಂದಿಗೆ ಹಂಗ ಹೇಳಾಕ ಬರತೈತಿ. ಮತ್ತ ನನ್ನ ಕೂಡ ಯಾಕ ಕಚೇರಿಯಾವ್ರಂಗ ಮಾತಾಡ್ತೀಯಪಾ?"

ಎಷ್ಟೋ ಕಂಪನಿಗಳ ಎಷ್ಟೋ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಬರೆದವನು ನಾನು. ಆ ರೂಢಿಯಲ್ಲೇ ಬಾಯಿ ತೆರೆದೆ.

"ದಯವಿಟ್ಟು ನಿನ್ನ ಪಾದಗಳನ್ನು..."

ಅವ್ವ ಕಲ್ಲು ಹೆಕ್ಕುತ್ತಲೇ ಇದ್ದಳು. ಹ್ಞೂಂ ಬರಲಿಲ್ಲ.

ಮತ್ತೆ ಶುರು ಮಾಡಿದೆ. "ಎವ್ವಾ, ಕಾಲು ಇತ್ತ ಚಾಚು. ಅಂಗಾಲ ನೋಡತೇನಿ."

ಅವ್ವ ಮೊರ ಕೆಳಗಿಟ್ಟಳು. ಸೀರೆಯ ಅಂಚು ಸರಿಸಿ ನನ್ನ ಮಡಿಲಿಗೆ ಕಾಲು ಚಾಚಿದಳು.

"ಹ್ಞೂಂ," ಎಂದಳು. "ಮುಂದ?"