ಸುಮಾಳ ಕಸದ ಚೀಲ, ನನ್ನ ಪಿಎಚ್‌ಡಿ

ಫ್ರೆಂಡ್ಸ್, ರಾಜ್ಯಶಾಸ್ತ್ರ ಓದುವವಳ ಎದುರು ಬಾಯಿ ಬಿಡಲು ಜನ ಹೆದರುತ್ತಾರೆ ಎಂದು ಇವತ್ತು ಗೊತ್ತಾಯಿತು.

ಮಧ್ಯಾಹ್ನ ಕ್ಯೋಟೋದ ನದಿ ದಂಡೆಯಲ್ಲಿ ನಾನು, ನನ್ನ ಗೆಳತಿ ಸುಮಾ, ನಾಗೋಯಾದಿಂದ ಬಂದಿದ್ದ ಅವಳ ಅಣ್ಣ ರಘು ಚಿತ್ರಾನ್ನ ತಿನ್ನುತ್ತಿದ್ದೆವು. "ಇಲ್ಲಿ ಕೂತು ಅದೇನ್ ಪಾಲಿಟಿಕ್ಸ್ ಓದ್ತೀಯಮ್ಮಾ?" ಎಂದ ರಘು.

"ಬರೀ ಎಲೆಕ್ಷನ್ ಅಲ್ಲ, ಬೀದೀಲಿ ಯಾರ ಮಾತು ನಡೆಯತ್ತೆ ಅನ್ನೋದೂ ಪಾಲಿಟಿಕ್ಸೇ," ಎಂದೆ.

ಸುಮಾ ದನಿ ತಗ್ಗಿಸಿದಳು. "ಹಾಗಾದ್ರೆ ಕೇಳು. ಹಸಿ ಕಸ ಒಣ ಕಸ ಸರಿಯಾಗಿ ಬೇರೆ ಮಾಡಿಲ್ಲ ಅಂತಲೋ ಏನೋ, ನಾನು ಹಾಕಿದ್ದ ಕಸದ ಚೀಲನ ಯಾರೋ ವಾಪಸ್ ತಂದು ನಮ್ಮ ಬಾಗಿಲಲ್ಲೇ ಇಟ್ಟಿದಾರೆ. ಕೆಳಗಿನ ಮನೆ ತಾನಾಕಾ-ಸಾನ್ ಮೇಲೇ ಡೌಟು. ಎದುರಿಗೆ ಸಿಕ್ರೆ ಮಾತ್ರ ಬಗ್ಗಿ ಬಗ್ಗಿ ನಮಸ್ಕಾರ!"

"ನಿಮ್ಮ ಬಿಲ್ಡಿಂಗಲ್ಲಿ ಕಸದ ರೂಲ್ಸ್ ಮಾಡೋರು ಯಾರು?" ಎಂದು ಕುತೂಹಲದಿಂದ ಕೇಳಿದೆ.

ಇಬ್ಬರೂ ತಿನ್ನುವುದನ್ನು ನಿಲ್ಲಿಸಿದರು. "ಇದನ್ನೆಲ್ಲ ಥೀಸಿಸ್‌ನಲ್ಲಿ ಹಾಕ್ತೀಯಾ?" ಎಂದಳು ಸುಮಾ.

"ಫೋನ್ ತೋರ್ಸು, ರೆಕಾರ್ಡ್ ಆಗ್ತಿದ್ಯಾ?" ಎಂದ ರಘು.

ತೋರಿಸಿದೆ. ನಿಜವಾಗಿ ಬೇಸರವಾಯಿತು. ಆಮೇಲೆ ಹವಾಮಾನ ಬಿಟ್ಟು ಬೇರೆ ಮಾತೇ ಬರಲಿಲ್ಲ.

ಹೊರಡುವಾಗ ಸುಮಾ ಕೈ ಹಿಡಿದಳು. "ಸಾರಿ ಕಣೇ. ಆ ಚೀಲ ವಾಪಸ್ ಬಂದಾಗಿಂದ ಯಾರನ್ನ ನೋಡಿದ್ರೂ ಅನುಮಾನ."

ಹೆಸರುಗಳನ್ನು ಬದಲಿಸಿ, ಅವಳ ಒಪ್ಪಿಗೆ ಪಡೆದೇ ಇದನ್ನು ಹಾಕುತ್ತಿದ್ದೇನೆ. ನನ್ನ ಫ್ರೆಂಡ್ಸ್ ಪೈಕಿ ಕನ್ನಡ ಬಲ್ಲ ಜಪಾನಿಯರು ಯಾರೂ ಇಲ್ಲ ಎಂದು ನನ್ನಿಂದ ಆಣೆ ಮಾಡಿಸಿಕೊಂಡ ಮೇಲೆಯೇ ಅವಳು ಒಪ್ಪಿದ್ದು.