ಅಂಟು ಹಚ್ಚಿದ ಬಂಗಲೆ

ಈ ದೀಪಾವಳಿಯಿಂದ ನಮ್ಮಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಕಾರಣ? ಅವನ ಬಂಗಲೆಯನ್ನು ನಾನು ಬಿಸಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿಬಿಟ್ಟೆ.

(ಗಾಬರಿಯಾಗಬೇಡಿ. ಗೇಣುದ್ದದ ಬಂಗಲೆ. ಕಟ್ಟಿಗೆಯದು.)

ಮೊದಲಿನಿಂದ ಹೇಳುತ್ತೇನೆ. ಅಣ್ಣನ ಮನೆ ಸಿಂದಗಿಯಲ್ಲಿ. ಅವನಿಗೆ ನಾಲ್ಕು ವರ್ಷದ ಮಗಳು, ಶಾಂತಾ. ಕೈ ಸುಮ್ಮನಿರದ ಹುಡುಗಿ. ಖಾಲಿ ಬೆಂಕಿಪೆಟ್ಟಿಗೆ, ಜೋಳದ ದಂಟಿನ ತುಂಡು, ದಾರ ಮುಗಿದ ರೀಲು, ಏನು ಸಿಕ್ಕರೂ ಒಂದರ ಮೇಲೊಂದು ಇಡುತ್ತಾಳೆ. ನಾನೋ ಇಂಡಿಯಲ್ಲಿ ಸಣ್ಣ ಮಕ್ಕಳಿಗೆ ಸಾಲಿ ಕಲಿಸುವವಳು. ಪಂಚಮಿಗೆ ತವರಿಗೆ ಹೋಗುವಾಗ ಇಂಥ ಸೊಸೆಗೆ ಬರೀ ಉಂಡಿ ಒಯ್ದರೆ ಹೇಗೆ? ಕಟ್ಟಿ ಕೆಡವಿ ಆಡುವ ಕಟ್ಟಿಗೆ ತುಂಡುಗಳ ಪೆಟ್ಟಿಗೆ ತರಬೇಕೆಂದು ಸೊಲ್ಲಾಪುರಕ್ಕೇ ಹೋದೆ.

ಅಂಗಡಿಯವನ ಮೊದಲ ಪ್ರಶ್ನೆ: "ಹುಡುಗಗೋ ಹುಡುಗಿಗೋ, ಬಾಯಾರ?"

"ಹುಡುಗಿಗೆ."

"ಹಂಗಾದ್ರ ಭಾಂಡೆ ಸೆಟ್ ಒಯ್ರಿ. ಒಲಿ ಐತಿ, ಲಟ್ಟಣಗಿ ಐತಿ."

"ಒಲಿ ಜನ್ಮಪೂರ್ತಿ ಐತಿ ಬಿಡ್ರಿ. ಮನಿ ಕಟ್ಟೂದು ತೋರಸ್ರಿ."

ಅವನು ನಕ್ಕ. ನನ್ನ ಪಿತ್ತ ನೆತ್ತಿಗೇರಿತು. ನಾಲ್ಕು ಪೆಟ್ಟಿಗೆ ಕೆಳಗಿಳಿಸಿದೆ. ಒಂದರ ಮೂಲೆಗಳು ಕೈಗೆ ಚುಚ್ಚಿದವು. ಇನ್ನೊಂದರಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುವಂಥ ಸಣ್ಣ ಚೂರುಗಳು. ಮೂರನೆಯದನ್ನು ಒದ್ದೆ ಸೆರಗಿನಿಂದ ಉಜ್ಜಿದರೆ ಸೆರಗೇ ಕೆಂಪಾಯಿತು. ನಾಲ್ಕನೆಯದರ ಬಣ್ಣ ಗಟ್ಟಿ. ಎಂಟು ತುಂಡು ಕೌಂಟರಿನ ಮೇಲೆ ಪೇರಿಸಿದೆ, ಅಲುಗಲಿಲ್ಲ.

"ಬಾಯಾರ, ಆಟಗಿ ತಗೊಳ್ಳಾಕ ಬಂದೀರೋ, ವರಾ ನೋಡಾಕ ಬಂದೀರೋ?" ಅಂದ.

ಅನ್ನಲಿ. ಕೂಸಿನ ಕೈಗೆ ಹೋಗುವುದನ್ನು ವರನಿಗಿಂತ ಜಾಸ್ತಿಯೇ ನೋಡಬೇಕು.

ಪಂಚಮಿಯ ದಿನ ಶಾಂತಾ ಪೆಟ್ಟಿಗೆಗೆ ಕೈ ಹಾಕುವಷ್ಟರಲ್ಲಿ ವೈನಿ, ಅಂದರೆ ಅಣ್ಣನ ಹೆಂಡತಿ, ಎತ್ತಿಕೊಂಡರು. "ತಡಿಯವ್ವ, ಮೊದಲ ದೇವ್ರ ಮುಂದ ಇಡೂಣು." ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟರು. ಒಳ್ಳೆಯದೇ. ಅಲ್ಲಿಂದ ಕೂಸಿನ ಕೈಗೆ ಬರುತ್ತದೆ ಅಂದುಕೊಂಡು ನಾನು ಮರುದಿನ ಬಸ್ಸು ಹತ್ತಿದೆ.

ದೀಪಾವಳಿಗೆ ಹೋದಾಗ ನೋಡುತ್ತೇನೆ: ಪಡಸಾಲೆಯ ಗಾಜಿನ ಕಪಾಟಿನಲ್ಲಿ, ಕಸೂತಿ ಅಂಗಿ ತೊಟ್ಟ ರೇಡಿಯೋದ ಪಕ್ಕ, ನನ್ನ ತುಂಡುಗಳು! ಪೆಟ್ಟಿಗೆಯ ಮುಚ್ಚಳದ ಚಿತ್ರದಂತೆಯೇ ಬಂಗಲೆಯಾಗಿ ನಿಂತಿವೆ. ಕಪಾಟಿಗೆ ಕೀಲಿ ಬೇರೆ.

"ಇದೇನಣ್ಣಾ?"

"ಛಲೋ ಆಗೇತಿಲ್ಲ? ನಾನ ಕಟ್ಟೇನಿ. ಬೀಳಬಾರ್ದಂತ ಬಡಿಗ್ಯಾನ್ನ ಕರಿಸಿ ಅಂಟ ಹಚ್ಚಿಸೇನಿ."

ಅಂಟು! ಕಟ್ಟಿ ಕೆಡವುವ ಆಟಿಕೆಗೆ ಬಡಿಗನ ಅಂಟು!

"ಮತ್ತ ಶಾಂತಾ ಆಡೂದು?"

"ಸೊಲ್ಲಾಪುರದ ಸಾಮಾನ್ರಿ," ಅಂದರು ವೈನಿ. "ಅಕಿ ಕೈಯಾಗ ಕೊಟ್ರ ಎರಡ ದಿನಕ್ಕ ಹಾಳ ಮಾಡ್ತಾಳ. ನೀವ ಪ್ರೀತಿಲೆ ತಂದೀರಿ, ಜ್ವಾಕಿಲೆ ಇಟ್ಟೇವಿ. ಬಂದವ್ರಿಗೆಲ್ಲ ತೋರಸ್ತೇವಿ."

ಕಪಾಟಿನ ಬುಡದಲ್ಲಿ ಶಾಂತಾ ಬೆಂಕಿಪೆಟ್ಟಿಗೆ ಪೇರಿಸುತ್ತ ಕೂತಿದ್ದಳು. ಮೇಲೆ ಬೆರಳು ಮಾಡಿದಳು. "ಅತ್ತಿ, ಆ ಕೆಂಪಂದು ನಂದು. ಮುಟ್ಟಬಾರ್ದಂತ."

 ನನಗೆ ಸಿಟ್ಟು ಬಂತು. ಬಂದದ್ದು ಇನ್ನೂ ಇಳಿದಿಲ್ಲ, ಅದಕ್ಕೇ ಈ ವಾರದ ಅಂಕಣದಲ್ಲಿ ಇದನ್ನೇ ಬರೆಯುತ್ತಿದ್ದೇನೆ.

ಯಾರ ಆಟಿಕೆ ಸ್ವಾಮೀ ಅದು? ನಮ್ಮ ಕಡೆ ಇದೊಂದು ರಿವಾಜು. ಹೊಸ ಚಾದರ ಬೀಗರಿಗೆ, ಚಲೋ ಕಪ್ಪು-ಬಸಿ ಸಾಹೇಬರಿಗೆ, ಮಕ್ಕಳ ಆಟಿಕೆ ಬಂದುಹೋಗುವವರ ಕಣ್ಣಿಗೆ! ಕೂಸು ಹಾಳು ಮಾಡುತ್ತದಂತೆ. ಕೆಡವದೆ ಯಾವ ಕೂಸು ಕಲಿತಿದೆ? ದೊಡ್ಡದು ಕೆಳಗೆ, ಸಣ್ಣದು ಮೇಲೆ ಅಂತ ನಾನು ಸಾಲಿಯಲ್ಲಿ ಬಾಯಿ ನೋಯುವಂತೆ ಹೇಳಿದರೂ ಹೋಗದ್ದು, ಒಂದು ಸಲ ಧಡ್ ಅಂತ ಬಿದ್ದರೆ ತಲೆಗೆ ಹೋಗುತ್ತದೆ. ಆ ಬೀಳುವುದನ್ನೇ ನಮ್ಮಣ್ಣ ಅಂಟು ಹಚ್ಚಿ ನಿಲ್ಲಿಸಿದ್ದ.

ಮರುದಿನ ಬೆಳಿಗ್ಗೆ ಎಣ್ಣೆ ನೀರು. ಹಂಡೆ ಕುದಿಯುತ್ತಿತ್ತು. "ವೈನಿ, ಕೀಲಿ ಕೊಡ್ರಿ" ಅಂದೆ. ನನ್ನ ಮುಖ ನೋಡಿ ತೆಪ್ಪಗೆ ಕೊಟ್ಟರು. ಬಕೆಟ್ಟಿನಲ್ಲಿ ಬಿಸಿನೀರು ತೋಡಿ ಬಂಗಲೆಯನ್ನು ಒಳಗಿಳಿಸಿದೆ. ಸ್ವಲ್ಪ ಹೊತ್ತಿಗೆ ಅಂಟು ಮೆತ್ತಗಾಗಿ ಛಾವಣಿ ಕಳಚಿತು. ಆಮೇಲೆ ಗೋಡೆ. (ಬಣ್ಣ ಬಿಡಲಿಲ್ಲ. ನನ್ನ ಸೆರಗಿನ ಪರೀಕ್ಷೆ ಅಂದರೇನು!)

ಅಣ್ಣ ನೆತ್ತಿಗೆ ಎಣ್ಣೆ ಮೆತ್ತಿಕೊಂಡೇ ಓಡಿಬಂದ. "ಏ ಹುಚ್ಚಿ! ಹಬ್ಬದ ದಿನ ಮನಿ ಮುರೀತಿಯಲ್ಲ!"

"ಮುರದ ಕೊಡಾಕತ್ತೇನಿ. ನಿನ್ನ ಮಗಳು ಕಟ್ಲಿ."

ಶಾಂತಾ ಅಂಗಳದಲ್ಲಿ ಕೂತು ಒದ್ದೆ ತುಂಡುಗಳನ್ನು ಪೇರಿಸತೊಡಗಿದಳು. ಸೊಟ್ಟಗೆ. "ಹಂಗಲ್ಲವ್ವ, ಮುಚ್ಚಳದಾಗಿನ ಚಿತ್ರ ನೋಡು" ಅನ್ನುವ ಮಾತು ನನ್ನ ತುದಿನಾಲಿಗೆಗೇ ಬಂದಿತ್ತು. (ಮಾಸ್ತರಿಕೆಯ ಚಟ.) ನುಂಗಿಕೊಂಡೆ. ಐದು ಅಂತಸ್ತು ಎದ್ದವು. ಅಣ್ಣನೂ ಸಿಟ್ಟು ಮರೆತ. "ಭಲೇ ನನ್ನವ್ವ! ಭಾಳ ಛಲೋ ಆತು!" ಅಂತ ಹತ್ತಿರ ಬಂದ.

ಅವನು ಬಂದದ್ದೇ ತಡ, ಶಾಂತಾ ಎರಡೂ ಕೈಯಿಂದ ಎಲ್ಲ ಕೆಡವಿಬಿಟ್ಟಳು.

"ಯಾಕ ಕೆಡವಿದಿ?" ಅಂದೆ.

"ಅಪ್ಪ ಅಂಟ ಹಚ್ಚತಾನ."

ಅಣ್ಣ ಒಂದೂ ಮಾತಾಡದೆ ಒಳಗೆ ಹೋದ. ಇವತ್ತಿಗೂ ಆಡಿಲ್ಲ.

ಹಬ್ಬಕ್ಕೆ ನಿಮ್ಮ ಮನೆಗೂ ಆಟಿಕೆ ಬಂದಿರಬೇಕಲ್ಲ? ಖರೆ ಹೇಳಿ, ಕಪಾಟಿನ ಕೀಲಿ ಯಾರ ಹತ್ತಿರ ಇದೆ?